ಕಿರ್ದಿಯಲ್ಲಿ ಬರೆಯದ ಖರ್ಚು

(ವಿಜಯಪುರದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಗುರುಗಳೇ, ವಿದ್ಯಾರ್ಥಿ ಮಿತ್ರರೇ,

ಆರೋಗ್ಯ ಅರ್ಥಶಾಸ್ತ್ರವನ್ನು ಏಕೆ ಆರಿಸಿಕೊಂಡಿರಿ, ಎಲ್ಲೆಲ್ಲಿ ಓದಿದಿರಿ, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂಬ ಮೂರು ಪ್ರಶ್ನೆಗಳನ್ನು ವಿಭಾಗದವರು ನನಗೆ ಮೊದಲೇ ಬರೆದು ಕಳಿಸಿದ್ದರು. ಇವಕ್ಕೆ ಉತ್ತರ ಹುಡುಕುತ್ತ ಹೋದಾಗಲೆಲ್ಲ ನಾನು ಬಂದು ನಿಲ್ಲುವುದು ಇಂಡಿ ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ, ಕೆಂಪು ಬಟ್ಟೆ ಹೊದಿಸಿದ ರಟ್ಟಿನ ಒಂದು ಕಿರ್ದಿ ಪುಸ್ತಕದ ಮುಂದೆ. ನನ್ನ ತಂದೆ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದರು. ಸೊಸೈಟಿಯ ಲೆಕ್ಕ ಬರೆದು ಬರೆದು, ಮನೆಯ ಲೆಕ್ಕವನ್ನೂ ಹಾಗೆಯೇ ಇಡುವುದು ಅವರಿಗೆ ರೂಢಿಯಾಗಿತ್ತು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಅಡಿಯಲ್ಲಿ ಶಿಲ್ಕು.

1998ರ ಕಿರ್ದಿಯಲ್ಲಿ ‘ದವಾಖಾನೆ’ ಎಂಬ ಶಬ್ದ ಪುಟ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನನ್ನ ಕಾಕಾ, ಅಂದರೆ ತಂದೆಯ ತಮ್ಮ, ಆಗ ಮೂವತ್ತೆರಡು ವರ್ಷದವರು. ದಿಬ್ಬ ಹತ್ತಿದರೆ ದಮ್ಮು, ರಾತ್ರಿ ಅಂಗಾತ ಮಲಗಿದರೆ ದಮ್ಮು. ಎರಡು ವರ್ಷ ಅದನ್ನು ಅಸ್ತಮಾ ಎಂದುಕೊಂಡು ಸಿಕ್ಕ ಸಿಕ್ಕ ಔಷಧ ತೆಗೆದುಕೊಂಡ ಮೇಲೆ, ಹೃದಯದ ಕವಾಟ ಕೆಟ್ಟಿದೆ, ಬದಲಿಸಬೇಕು ಎಂದು ಗೊತ್ತಾಯಿತು. ದೂರದ ಒಂದು ನಗರದ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೊದಲು ಹೇಳಿದ ಮೊತ್ತಕ್ಕೂ ಕೊನೆಗೆ ಕಟ್ಟಿದ ಮೊತ್ತಕ್ಕೂ ಇದ್ದ ಅಂತರವನ್ನು ತುಂಬಲು ತಂದೆ ಎರಡು ಸಲ ಊರಿಗೆ ಬಂದು ಹೋದರು. ಎತ್ತುಗಳು ಮಾರಾಟವಾದವು, ಕಾಕಿಯ ಬಂಗಾರ ಒತ್ತೆ ಹೋಯಿತು, ಮೂರು ಎಕರೆ ಎರಿ ಹೊಲ ನಾಲ್ಕು ವರ್ಷಕ್ಕೆ ಲಾವಣಿಗೆ, ಅಂದರೆ ಮುಂಗಡ ಹಣಕ್ಕೆ ಬೇರೆಯವರ ಉಳುಮೆಗೆ, ಹೋಯಿತು. ಇವೆಲ್ಲ ಜಮಾ ಬದಿಯಲ್ಲಿವೆ. ಖರ್ಚಿನ ಬದಿಯಲ್ಲಿ ಆಸ್ಪತ್ರೆಯ ಬಿಲ್ಲು, ಔಷಧ, ಬಸ್ಸಿನ ಚೀಟಿ, ಊಟ ಎಲ್ಲವೂ ಪೈಸೆ ಸಹಿತ ಇವೆ. ಕಾಕಿ ನಲವತ್ತು ದಿನ ಕೂಲಿ ಬಿಟ್ಟು ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ದು ಅದರಲ್ಲಿ ಇಲ್ಲ. ಅವರ ಹಿರಿಯ ಮಗಳು, ನನ್ನ ಓರಗೆಯವಳು, ತಮ್ಮಂದಿರನ್ನು ನೋಡಿಕೊಳ್ಳಲು ಶಾಲೆ ಬಿಟ್ಟದ್ದೂ ಇಲ್ಲ. ತಂದೆ ಪ್ರಾಮಾಣಿಕವಾಗಿ ಲೆಕ್ಕ ಬರೆದವರು. ಆದರೆ ಕೈಯಿಂದ ರೂಪಾಯಿ ದಾಟಿದಾಗ ಮಾತ್ರ ಬರೆಯುವುದು ಕಿರ್ದಿಯ ನಿಯಮ. ನಾನು ಕಲಿತ ಶಾಸ್ತ್ರ ಈ ನಿಯಮದ ಆಚೆಗೆ ಬಿದ್ದ ಖರ್ಚನ್ನು ಎಣಿಸುವ ಶಾಸ್ತ್ರ. ಅದನ್ನು ಅರ್ಥಮಾಡಿಕೊಳ್ಳಲು ನನಗೆ ಹದಿನೈದು ವರ್ಷ ಹಿಡಿಯಿತು.

ಓದಿನ ಹಾದಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿ.ಎ. ಪದವಿಯನ್ನು ಇದೇ ವಿಜಯಪುರದಲ್ಲಿ, ಕನ್ನಡ ಮಾಧ್ಯಮದಲ್ಲಿ ಮುಗಿಸಿದೆ. ಎಂ.ಎ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಪಿಎಚ್.ಡಿ. ಸಂಶೋಧನೆಯನ್ನು ಬೆಂಗಳೂರಿನಲ್ಲಿ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಮಾಡಿದೆ. ಕನ್ನಡ ಮಾಧ್ಯಮದಿಂದ ಹೋದವಳಿಗೆ ಧಾರವಾಡದ ಮೊದಲ ವರ್ಷ ಕಷ್ಟವಾಯಿತು ಎಂಬುದನ್ನು ಇಲ್ಲಿ ಮುಚ್ಚಿಡುವ ಕಾರಣವಿಲ್ಲ, ಏಕೆಂದರೆ ನಿಮ್ಮಲ್ಲಿ ಅನೇಕರು ಅದೇ ಹಾದಿಯಲ್ಲಿ ಹೋಗುವವರು. ಅರ್ಥಮಿತಿಯ, ಅಂದರೆ ಆರ್ಥಿಕ ಸಂಬಂಧಗಳನ್ನು ಅಂಕಿಅಂಶಗಳಿಂದ ಅಳೆಯುವ ಶಾಸ್ತ್ರದ, ಸಮೀಕರಣ ಎಲ್ಲರಿಗೂ ಒಂದೇ. ಅದರ ಸುತ್ತಲಿನ ಇಂಗ್ಲಿಷನ್ನು ದಾಟಲು ನನಗೆ ಎರಡು ಸೆಮಿಸ್ಟರ್ ಬೇಕಾದವು.

ಅಲ್ಲಿ ಓದಿದ್ದರಲ್ಲಿ ನನ್ನ ದಾರಿಯನ್ನು ನಿರ್ಧರಿಸಿದ್ದು ಕೆನೆತ್ ಆರೋ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1963ರಲ್ಲಿ ಬರೆದ ಒಂದು ಪ್ರಬಂಧ. ಆರೋ ವೈದ್ಯಕೀಯದ ಪರಿಣತರಲ್ಲ; ಎಲ್ಲ ಪೇಟೆಗಳ ಬೇಡಿಕೆ ಪೂರೈಕೆಗಳು ಒಟ್ಟಿಗೆ ಹೇಗೆ ಸರಿದೂಗುತ್ತವೆ ಎಂಬ ಸಾಮಾನ್ಯ ಸಮತೋಲನದ ಸಿದ್ಧಾಂತವನ್ನು ಕಟ್ಟಿದವರು, 1972ರಲ್ಲಿ ನೊಬೆಲ್ ಪಡೆದವರು. ಅವರು ಕೇಳಿದ ಪ್ರಶ್ನೆ ಸರಳವಾದದ್ದು: ಜೋಳದ ಪೇಟೆಯಂತೆ ಚಿಕಿತ್ಸೆಯ ಪೇಟೆ ಏಕೆ ನಡೆಯುವುದಿಲ್ಲ? ಜೋಳ ಎಷ್ಟು ಬೇಕೆಂದು ಮನೆಯಾಕೆಗೆ ಮೊದಲೇ ಗೊತ್ತು, ಕಾಳನ್ನು ಅಂಗೈಯಲ್ಲಿ ಹಾಕಿ ನೋಡಬಹುದು, ದರ ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಬಹುದು. ರೋಗ ಯಾವಾಗ ಬರುತ್ತದೆಂದು ಗೊತ್ತಿಲ್ಲ. ಬಂದಾಗ ಯಾವ ಚಿಕಿತ್ಸೆ ಬೇಕೆಂಬುದನ್ನು ಮಾರುವವರೇ ಹೇಳಬೇಕು. ಅದರಿಂದ ಗುಣವಾಗುತ್ತದೆಯೇ ಎಂಬುದು ಹಣ ಕಟ್ಟಿದ ಮೇಲೂ ಖಾತ್ರಿಯಿಲ್ಲ. ಈ ಅನಿಶ್ಚಿತತೆಯಿಂದಲೇ ವೈದ್ಯವೃತ್ತಿಗೆ ನಂಬಿಕೆಯ ಕಟ್ಟಳೆಗಳೂ ಜನರಿಗೆ ವಿಮೆಯ ಅಗತ್ಯವೂ ಹುಟ್ಟುತ್ತವೆ ಎಂದು ಆರೋ ವಾದಿಸಿದರು. ಗ್ರಂಥಾಲಯದಲ್ಲಿ ಅದನ್ನು ಓದಿದ ದಿನ, ತಂದೆ ಎರಡು ಸಲ ಊರಿಗೆ ಬಂದು ಹೋದದ್ದಕ್ಕೆ ಒಂದು ವಿವರಣೆ ಇದೆಯೆಂದು ಮೊದಲ ಬಾರಿಗೆ ತಿಳಿಯಿತು.

ಆ ಪ್ರಬಂಧದ ಇನ್ನೊಂದು ಭಾಗವನ್ನು ನಾನು ಓದುವ ಮುಂಚೆಯೇ ಕಣ್ಣಾರೆ ಕಂಡಿದ್ದೆ. 2003ರಲ್ಲಿ ರಾಜ್ಯದ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಎಂಬ ಆರೋಗ್ಯ ವಿಮೆಯ ಯೋಜನೆ ಜಾರಿಗೆ ಬಂದಾಗ, ತಲೆಗೆ ವರ್ಷಕ್ಕೆ 60 ರೂಪಾಯಿಯಂತೆ ಕಂತು ಸಂಗ್ರಹಿಸುವ ಕೆಲಸ ನಮ್ಮೂರಿನಲ್ಲಿ ತಂದೆಯ ಪಾಲಿಗೆ ಬಂತು. ಸಂಜೆ ರಸೀದಿ ಹರಿಯಲು ನಾನೂ ಕೂರುತ್ತಿದ್ದೆ. ಮೊದಲು ಬಂದವರು ಯಾರು? ಮೂತ್ರಪಿಂಡದಲ್ಲಿ ಹರಳು ಇದೆಯೆಂದು ಗೊತ್ತಿದ್ದವರು, ಹರ್ನಿಯಾ ಇಟ್ಟುಕೊಂಡು ದಿನ ದೂಡುತ್ತಿದ್ದವರು. ಗಟ್ಟಿಮುಟ್ಟಾದ ಹುಡುಗರು ಬರಲಿಲ್ಲ. ರೋಗದ ಸುಳಿವಿದ್ದವರೇ ವಿಮೆಗೆ ಮುಂದಾಗುವ ಈ ಸ್ವಭಾವವನ್ನು ಪಠ್ಯಪುಸ್ತಕ ಪ್ರತಿಕೂಲ ಆಯ್ಕೆ ಎನ್ನುತ್ತದೆ. ಆ ಹೆಸರು ನನಗೆ ಇಷ್ಟವಾಗುವುದಿಲ್ಲ. ಬಂದವರು ಯಾರಿಗೂ ಮೋಸ ಮಾಡಲು ಬಂದವರಲ್ಲ. ವರ್ಷಗಟ್ಟಲೆ ಮುಂದೂಡಿದ ನೋವಿಗೆ ಮೊದಲ ಸಲ ಒಂದು ಬಾಗಿಲು ತೆರೆದಿತ್ತು.

ಇನ್ನು ಪಿಎಚ್.ಡಿ. ಕ್ಷೇತ್ರಕಾರ್ಯದ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನನ್ನ ಮುಂದಿನ ಕೆಲಸವೆಲ್ಲ ಅಲ್ಲಿಂದಲೇ ಹೊರಟಿದೆ. ಆಸ್ಪತ್ರೆಗೆ ದಾಖಲಾದ ಮನೆಯವರು ಹಣವನ್ನು ಎಲ್ಲಿಂದ ತಂದರು ಎಂಬುದು ನನ್ನ ವಿಷಯವಾಗಿತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಈ ಪ್ರಶ್ನೆಗೆ ಐದು ಉತ್ತರಗಳಿವೆ: ಮನೆಯ ಆದಾಯ ಅಥವಾ ಉಳಿತಾಯ, ಸಾಲ, ಆಸ್ತಿ ಮಾರಾಟ, ನೆಂಟರು ಗೆಳೆಯರ ನೆರವು, ಇತರೆ. ನಾನೂ ಅದೇ ಪಟ್ಟಿಯನ್ನು ಕನ್ನಡಕ್ಕೆ ತಂದುಕೊಂಡು ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಗೆ ಹೋದೆ. ಮೊದಲ ವಾರವೇ ಸಿಂದಗಿ ತಾಲ್ಲೂಕಿನ ಒಂದು ಮನೆಯಲ್ಲಿ, ಸಾಲ ಮಾಡಿದಿರಾ ಎಂದು ಕೇಳಿದ್ದಕ್ಕೆ ಮನೆಯೊಡತಿ ಹೇಳಿದ ಮಾತು ಹೀಗಿತ್ತು: “ಸಾಲಾ ಏನೂ ಮಾಡಿಲ್ರಿ ಅಕ್ಕಾರ, ಹೊಲಾ ಲಾವಣಿ ಹಾಕೇವ್ರಿ.”

ಆಕೆಯ ಉತ್ತರ ನೂರಕ್ಕೆ ನೂರು ನಿಜ. ಬಡ್ಡಿಗೆ ತಂದದ್ದು ಸಾಲ, ಗುರುತಿನವರಿಂದ ಬಡ್ಡಿಯಿಲ್ಲದೆ ತಂದದ್ದು ಕೈಗಡ, ಹೊಲವನ್ನು ಮೂರು ನಾಲ್ಕು ವರ್ಷಕ್ಕೆ ಬೇರೆಯವರ ಉಳುಮೆಗೆ ಬಿಟ್ಟು ಮುಂಗಡವಾಗಿ ತೆಗೆದುಕೊಂಡದ್ದು ಲಾವಣಿ. ನಮ್ಮ ಜನರ ಲೆಕ್ಕದಲ್ಲಿ ಇವು ಮೂರೂ ಬೇರೆ ಬೇರೆ. ನನ್ನ ಪಟ್ಟಿಯ ಪ್ರಕಾರ ಆಕೆ ಸಾಲ ಮಾಡಿರಲಿಲ್ಲ, ಆಸ್ತಿಯನ್ನೂ ಮಾರಿರಲಿಲ್ಲ. ಹಣ ಮನೆಯ ಆದಾಯದಿಂದ ಬಂದಿದೆ ಎಂದು ಗುರುತು ಹಾಕಿದ್ದರೆ ಕೋಷ್ಟಕ ಅದನ್ನು ಒಪ್ಪುತ್ತಿತ್ತು. ಆದರೆ ಆ ಮನೆ ಮುಂದಿನ ನಾಲ್ಕು ವರ್ಷದ ಜೋಳವನ್ನೂ ತೊಗರಿಯನ್ನೂ ಒಂದೇ ದಿನದಲ್ಲಿ ಖರ್ಚು ಮಾಡಿತ್ತು, ಹೊಲದ ಒಡೆಯನಾಗಿದ್ದವನು ಕೂಲಿಗೆ ಗೋವಾಕ್ಕೆ ಹೋಗಿದ್ದನು. ಇನ್ನೊಂದು ಮನೆಯಲ್ಲಿ, ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಕಳೆ ತೆಗೆಯಲು ಅಕ್ಕಪಕ್ಕದ ಹೆಣ್ಣುಮಕ್ಕಳು ಮುಯ್ಯಾಳಾಗಿ ಬಂದಿದ್ದರು. ಆ ದಿನಗಳನ್ನು ಆಕೆ ಚೇತರಿಸಿಕೊಂಡ ಮೇಲೆ ಒಂದೊಂದಾಗಿ ತೀರಿಸಬೇಕಾಯಿತು. ಹಣವೇ ಇಲ್ಲದ ಸಾಲ ಅದು. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆಸ್ಪತ್ರೆ ಖರ್ಚಿಗೆ ಆದಾಯ ಅಥವಾ ಉಳಿತಾಯವೇ ಮುಖ್ಯ ಮೂಲವೆಂದು ಹೇಳಿದ ಗ್ರಾಮೀಣ ಪ್ರಕರಣಗಳು ಶೇಕಡಾ 80ರ ಸುಮಾರಿಗಿವೆ, ಸಾಲವೆಂದವು ಶೇಕಡಾ 13ರ ಸುಮಾರಿಗಿವೆ. ಈ 80ನ್ನು ಓದುವಾಗ ನನಗೆ ಪ್ರತಿಸಲವೂ ಸಿಂದಗಿಯ ಆ ಮನೆ ನೆನಪಾಗುತ್ತದೆ. ಸಮೀಕ್ಷೆ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಭಾಗದ ಮನೆಗಳನ್ನು ನಮ್ಮ ಮಾತಿನಲ್ಲಿ ಕೇಳದೆ ಆ ಅಂಕಿಯ ಒಳಗೆ ಏನಿದೆ ಎಂದು ತಿಳಿಯದು.

ಇದರ ಜೊತೆಗೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನೂ ಇಟ್ಟು ನೋಡಿ. ಹೆರಿಗೆಯನ್ನು ಬಿಟ್ಟು ಉಳಿದ ಕಾರಣಕ್ಕೆ ಆಸ್ಪತ್ರೆಗೆ ದಾಖಲಾದವರ ಸರಾಸರಿ ವೈದ್ಯಕೀಯ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ತೆರುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2021-22ಕ್ಕೆ 39.4ಕ್ಕೆ ಇಳಿದಿದೆಯೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು ಹೇಳುತ್ತವೆ. ಇಳಿಕೆ ಸಂತೋಷದ ವಿಷಯವೇ. ಆದರೆ ಪಾಲು ಇಳಿಯುವುದೂ ಒಂದು ಮನೆಯ ರೂಪಾಯಿ ಇಳಿಯುವುದೂ ಒಂದೇ ಅಲ್ಲ. ಕಳೆದುಕೊಂಡ ಕೂಲಿಯಾಗಲಿ ಸಾಲದ ಬಡ್ಡಿಯಾಗಲಿ ಈ ಲೆಕ್ಕದಲ್ಲಿ ಸೇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಣವಿಲ್ಲವೆಂದು ಆಸ್ಪತ್ರೆಗೇ ಹೋಗದ ಮನೆಯ ಖರ್ಚು ಸೊನ್ನೆ. ಕಾಕಾ ದಮ್ಮು ಸಹಿಸಿಕೊಂಡು ಕಳೆದ ಆ ಎರಡು ವರ್ಷಗಳಲ್ಲಿ ನಮ್ಮ ಮನೆ ಅಂಕಿಅಂಶಗಳ ಕಣ್ಣಿಗೆ ಆರೋಗ್ಯವಂತ ಮನೆಯಾಗಿಯೇ ಕಂಡಿರಬೇಕು.

ಸರ್ಕಾರದ ಹಣ ಸರಿಯಾದ ಜಾಗಕ್ಕೆ ಬಂದರೆ ಏನಾಗಬಹುದು ಎಂಬುದಕ್ಕೆ ನಮ್ಮ ಉತ್ತರ ಕರ್ನಾಟಕವೇ ಒಂದು ದೊಡ್ಡ ಸಾಕ್ಷಿ ಒದಗಿಸಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದವುಗಳ ಉನ್ನತ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಜಾರಿಯಾಯಿತು, ದಕ್ಷಿಣಕ್ಕೆ 2012ರಲ್ಲಿ ಹೋಯಿತು. ಕಂತು ಕಟ್ಟಬೇಕಿರಲಿಲ್ಲ, ಹೆಸರು ನೋಂದಾಯಿಸಬೇಕಿರಲಿಲ್ಲ. ಆದ್ದರಿಂದ ಯಶಸ್ವಿನಿಯಲ್ಲಿ ನಾನು ಕಂಡ ಆಯ್ಕೆಯ ತೊಡಕೂ ಇರಲಿಲ್ಲ. ನಡುವಿನ ಆ ಎರಡು ವರ್ಷಗಳ ಅಂತರವನ್ನು ಆರೋಗ್ಯ ಅರ್ಥಶಾಸ್ತ್ರಜ್ಞ ನೀರಜ್ ಸೂದ್ ಮತ್ತು ಅವರ ಜೊತೆಗಾರರು ಜಾಣತನದಿಂದ ಬಳಸಿಕೊಂಡರು. ಯೋಜನೆ ಬಂದ ಪ್ರದೇಶದ ಅಂಚಿನ 300 ಹಳ್ಳಿಗಳನ್ನೂ ಗಡಿಯ ಆಚೆಗೆ ಅವನ್ನೇ ಹೋಲುವ 272 ಹಳ್ಳಿಗಳನ್ನೂ ತೆಗೆದುಕೊಂಡು, ಅಲ್ಲಿನ ಮನೆಗಳನ್ನು ಹೋಲಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಯ ವ್ಯಾಪ್ತಿಗೆ ಬರುವ ರೋಗಗಳಿಂದಾದ ಮರಣದ ಪ್ರಮಾಣ ಗಡಿಯ ಈಚೆಯ ಬಡ ಕುಟುಂಬಗಳಲ್ಲಿ ಶೇಕಡಾ 0.32, ಆಚೆ 0.90. ಅಂಥ ಚಿಕಿತ್ಸೆಗೆ ಜೇಬಿನಿಂದ ಹೋಗುವ ಆಸ್ಪತ್ರೆ ಖರ್ಚು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಯಾವ ಹಳ್ಳಿಗೆ ಯೋಜನೆ ಎಂದು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲವಾದ್ದರಿಂದ ಇಷ್ಟು ದೊಡ್ಡ ಅಂತರವನ್ನು ಎಚ್ಚರಿಕೆಯಿಂದಲೇ ಓದಬೇಕು. ಹಾಗಿದ್ದರೂ, ಒಂದು ಆಡಳಿತದ ಗೆರೆಯ ಎರಡು ಬದಿಗಳಲ್ಲಿ ಒಂದೇ ಮಳೆ, ಒಂದೇ ಬೆಳೆ, ಒಂದೇ ಬಡತನದ ಜನರ ಬದುಕುವ ಸಾಧ್ಯತೆ ಬೇರೆಯಾಯಿತು ಎಂಬುದನ್ನು ಓದಿದಾಗ ಈ ಶಾಸ್ತ್ರದ ಬಗ್ಗೆ ನನಗಿದ್ದ ಗೌರವ ಇಮ್ಮಡಿಯಾಯಿತು.

ಕಾಕಾ ಅಷ್ಟು ದಿನ ಇರಲಿಲ್ಲ. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕು, ಪ್ರಮಾಣ ಸರಿಯಿದೆಯೇ ಎಂದು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆಗೆ ಹೆಚ್ಚು ಹಣ ಬೀಳುತ್ತಿರಲಿಲ್ಲ. ಪರೀಕ್ಷೆಗೆಂದು ಪಟ್ಟಣಕ್ಕೆ ಹೋಗಿ ಬಂದರೆ ಒಂದು ದಿನದ ದುಡಿಮೆ ಹೋಗುತ್ತಿತ್ತು, ಲಾವಣಿಗೆ ಹೊಲ ಬಿಟ್ಟ ಮನೆಗೆ ಆ ಒಂದು ದಿನವೂ ಭಾರವಾಗಿತ್ತು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದವರು ಮೂರು ತಿಂಗಳಿಗೊಮ್ಮೆ ಹೋಗತೊಡಗಿದರು, ಆಮೇಲೆ ನಿಲ್ಲಿಸಿಬಿಟ್ಟರು. 2005ರ ಶ್ರಾವಣದಲ್ಲಿ ಲಕ್ವ ಹೊಡೆದು ತೀರಿಕೊಂಡರು. ಎತ್ತು, ಬಂಗಾರ, ಹೊಲ ಕೊಟ್ಟು ಕೊಂಡ ಕವಾಟ ಅವರನ್ನು ಏಳು ವರ್ಷ ಉಳಿಸಿತು. ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಇನ್ನಷ್ಟು ವರ್ಷ ಉಳಿಸಬಹುದಾಗಿತ್ತು.

ಈಗ ಇದೇ ರೋಗದ ಹಿಂದಿನ ತುದಿಗೆ ಹೋಗೋಣ. ಕಾಕಾನಿಗೆ ಬಂದದ್ದು ರುಮ್ಯಾಟಿಕ್ ಹೃದ್ರೋಗ. ಎಳವೆಯಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನಿಂದ ಗಂಟಲು ನೋವು ಬರುತ್ತದೆ. ಕೆಲವು ಮಕ್ಕಳಲ್ಲಿ ಅದರ ಬೆನ್ನಿಗೆ ಕೀಲುಗಳು ಬಾತು ರುಮ್ಯಾಟಿಕ್ ಜ್ವರ ಬರುತ್ತದೆ. ಅದು ಮರುಕಳಿಸಿದಷ್ಟೂ ಹೃದಯದ ಕವಾಟ ಕೆಡುತ್ತದೆ. ಜ್ವರ ಒಮ್ಮೆ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತ ಹೋದರೆ ಮರುಕಳಿಸುವುದನ್ನು ತಡೆಯಬಹುದು. ಒಂದು ಚುಚ್ಚುಮದ್ದಿನ ಬೆಲೆ ಖಾನಾವಳಿಯ ಒಂದು ಊಟಕ್ಕಿಂತ ಕಡಿಮೆ. 2018ರಲ್ಲಿ ವಿಶ್ವ ಆರೋಗ್ಯ ಸಭೆ ಈ ರೋಗವನ್ನು ತಡೆಯಲು ರಾಷ್ಟ್ರಗಳಿಗೆ ಕರೆ ಕೊಡುವ ನಿರ್ಣಯವನ್ನೇ ಅಂಗೀಕರಿಸಿತು. ಇಷ್ಟು ಅಗ್ಗದ ಔಷಧವಿದ್ದೂ ನಾವು ಕವಾಟ ಬದಲಿಸುವ ಹಂತದವರೆಗೆ ಏಕೆ ಕಾಯುತ್ತೇವೆ?

ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಹದಿನೇಳು ಸಲ. ಕನಿಷ್ಠ ಹತ್ತು ವರ್ಷ ಕೊಡಬೇಕಾದರೆ 170 ಚುಚ್ಚುಮದ್ದು. ಔಷಧದ ಖರ್ಚನ್ನು ಬರೆದರೆ ಇದು ಸಣ್ಣ ಮೊತ್ತ. ಆದರೆ 170 ಸಲ ತಾಯಿಯೊಬ್ಬಳು ಕೂಲಿ ಬಿಟ್ಟು, ಮಗುವಿಗೆ ಶಾಲೆ ಬಿಡಿಸಿ, ಬಸ್ಸು ಹಿಡಿದು ಹೋಗಬೇಕು. ಚುಚ್ಚಿದ ಜಾಗ ಎರಡು ದಿನ ನೋಯುತ್ತದೆ. ಔಷಧ ಒಗ್ಗದೆ ಅಪಾಯವಾದೀತೆಂಬ ಅಂಜಿಕೆಯಿಂದ ಕೊಡಲು ಹಿಂಜರಿಯುವ ವೈದ್ಯರೂ ಇದ್ದಾರೆ. ಲಾಭ ಕಡಿಮೆಯಾದ್ದರಿಂದ ಈ ಔಷಧವನ್ನು ತಯಾರಿಸುವವರು ಜಗತ್ತಿನಲ್ಲೇ ಕಡಿಮೆ, ದಾಸ್ತಾನು ಆಗಾಗ ತಪ್ಪುತ್ತದೆ. ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಇಪ್ಪತ್ತನೆಯ ಚುಚ್ಚುಮದ್ದಿಗೋ ಮೂವತ್ತನೆಯದಕ್ಕೋ ತಾಯಿ ನಿಲ್ಲಿಸಿದರೆ ಅದನ್ನು ಅಜ್ಞಾನ ಎನ್ನುವುದು ಅನ್ಯಾಯ. ಅವಳು ಮಾಡಿದ್ದು ಲೆಕ್ಕವನ್ನೇ. ಆ ಲೆಕ್ಕ ನಮ್ಮ ಯಾವ ಬಜೆಟ್ಟಿನಲ್ಲೂ ಇಲ್ಲ, ಅಷ್ಟೇ. ಸರ್ಕಾರಕ್ಕೆ ಅಗ್ಗವಾಗಿ ಕಾಣುವ ತಡೆಗಟ್ಟುವಿಕೆ ಮನೆಗೆ ದುಬಾರಿಯಾಗಿರುವುದರಿಂದಲೇ ಅದು ಸೋಲುತ್ತದೆ, ಸೋತಾಗ ಸರ್ಕಾರವೇ ಲಕ್ಷಗಟ್ಟಲೆ ಕೊಟ್ಟು ಕವಾಟ ಹಾಕಿಸುತ್ತದೆ. ನನ್ನ ಮುಂದಿನ ವೃತ್ತಿಜೀವನವನ್ನು ಈ ಒಂದು ಗಂಟಿನ ಮೇಲೆ ಕಳೆಯಬೇಕೆಂದು ನಿರ್ಧರಿಸಿದ್ದೇನೆ.

ಚಿಕಿತ್ಸೆಯನ್ನು ಜನರ ಹತ್ತಿರಕ್ಕೆ ಒಯ್ದರೆ ಫಲ ಸಿಗುತ್ತದೆಂಬುದಕ್ಕೆ ಪಕ್ಕದ ಬೆಳಗಾವಿ ಜಿಲ್ಲೆಯ ಉದಾಹರಣೆಯಿದೆ. ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ತಡೆಯಲು ಬಾಯಿಯಿಂದ ನುಂಗುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಸಹಾಯಕ ದಾದಿಯರೇ ಕೊಡಬಹುದೇ ಎಂದು ಅಲ್ಲಿ 1,620 ತಾಯಂದಿರಲ್ಲಿ ಪರೀಕ್ಷಿಸಿ ನೋಡಲಾಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ ಅತಿ ರಕ್ತಸ್ರಾವಕ್ಕೆ ಒಳಗಾದ ತಾಯಂದಿರ ಪ್ರಮಾಣ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಗಳ ದಾದಿಯರು ಮಾಡಿದ ಕೆಲಸ ಜಗತ್ತಿಗೆ ಪಾಠವಾಯಿತು ಎಂಬುದು ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು.

ಪೆನಿಸಿಲಿನ್ ಆ ಮಾತ್ರೆಯಷ್ಟು ಸುಲಭವಲ್ಲ. ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕೂರಿಸಿ ನೋಡಬೇಕು, ಒಗ್ಗದಿದ್ದರೆ ಕೂಡಲೇ ಉಪಚರಿಸುವ ಔಷಧ ಪಕ್ಕದಲ್ಲಿರಬೇಕು. ಹಾಗಾದರೆ ಅದನ್ನು ಎಲ್ಲಿ ಕೊಡಬೇಕು? ತಾಲ್ಲೂಕು ಆಸ್ಪತ್ರೆಯಲ್ಲೋ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ, ನಿಗದಿತ ದಿನ ವೈದ್ಯರು ಬರುವ ಉಪಕೇಂದ್ರದಲ್ಲೋ? ಜನರ ಹತ್ತಿರ ಹೋದಷ್ಟೂ ಸರ್ಕಾರದ ಖರ್ಚು ಏರುತ್ತದೆ, ಮನೆಯ ಖರ್ಚು ಇಳಿಯುತ್ತದೆ, ತಪ್ಪಿಹೋಗುವ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತದೆ. ಮೂರೂ ಸೇರಿ ಯಾವ ಹಂತದಲ್ಲಿ ಲಾಭ ಹೆಚ್ಚು ಎಂಬುದನ್ನು ಊಹೆಯಿಂದ ಹೇಳಲಾಗದು, ಅಳೆಯಬೇಕು. ಇಂಥ ಪ್ರಶ್ನೆಗಳನ್ನು ಪರಿಶೀಲಿಸಲೆಂದೇ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ 2017ರಲ್ಲಿ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನದ ವ್ಯವಸ್ಥೆಯೊಂದನ್ನು ಆರಂಭಿಸಿದೆ. ಒಂದು ಚಿಕಿತ್ಸೆಯಿಂದ ಎಷ್ಟು ವರ್ಷದ ಆಯುಷ್ಯ, ಅದೂ ಎಷ್ಟು ಗುಣಮಟ್ಟದ ಆಯುಷ್ಯ ದೊರೆಯಿತು, ಅದಕ್ಕೆ ತಗುಲಿದ್ದೆಷ್ಟು ಎಂದು ಅಲ್ಲಿ ನೋಡುತ್ತಾರೆ. ‘ತಗುಲಿದ್ದು’ ಎಂಬುದನ್ನು ಖಜಾನೆಯ ಕಡೆಯಿಂದ ಅಳೆಯುತ್ತೇವೆಯೋ ತಾಯಿಯ ಕಡೆಯಿಂದಲೂ ಅಳೆಯುತ್ತೇವೆಯೋ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಬೆಂಗಳೂರಿನಲ್ಲಿ ಇಂಥ ಮೌಲ್ಯಮಾಪನಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದ ನಾನು ಈಗ ವಿಜಯಪುರಕ್ಕೆ ಮರಳಿ ಬಂದಿರುವುದು ಆ ಎರಡನೆಯ ಅಳತೆಗೆ ಬೇಕಾದ ಅಂಕಿಗಳನ್ನು ಇಲ್ಲಿಯೇ ಕೂಡಿಸಬೇಕೆಂದು.

ಕೆಲಸದ ಸ್ವರೂಪ ಹೀಗಿದೆ. ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳ ಆಯ್ದ ಹಳ್ಳಿಗಳಲ್ಲಿ ಅದೇ ಮನೆಗಳಿಗೆ ಹತ್ತು ವರ್ಷ, ವರ್ಷಕ್ಕೆ ಎರಡು ಸಲ ಹೋಗಿ, ಕಾಯಿಲೆಯ ಖರ್ಚನ್ನು ಮನೆಯವರ ಮಾತಿನಲ್ಲೇ ಬರೆದುಕೊಳ್ಳುವುದು. ಸಾಲ, ಕೈಗಡ, ಲಾವಣಿ, ಒತ್ತೆ, ಮುಯ್ಯಾಳು ಇವಕ್ಕೆ ಬೇರೆ ಬೇರೆ ಅಂಕಣಗಳಿರುತ್ತವೆ. ಚಿಕಿತ್ಸೆ ಬೇಕಾಗಿಯೂ ಹೋಗದೆ ಉಳಿದದ್ದಕ್ಕೂ, ಶಾಲೆ ಬಿಟ್ಟ ಮಕ್ಕಳಿಗೂ ಒಂದೊಂದು ಅಂಕಣವಿರುತ್ತದೆ. ಇದರ ಜೊತೆಗೆ, ರುಮ್ಯಾಟಿಕ್ ಜ್ವರ ಬಂದ ಮಕ್ಕಳ ಕುಟುಂಬಗಳು ಪ್ರತಿ ಚುಚ್ಚುಮದ್ದಿಗೆ ಕಳೆಯುವ ಸಮಯ ಮತ್ತು ಹಣದ ಪ್ರತ್ಯೇಕ ಲೆಕ್ಕ. ರಾಷ್ಟ್ರೀಯ ಆರೋಗ್ಯ ನೀತಿ 2017ರಲ್ಲಿ ಸರ್ಕಾರಿ ಆರೋಗ್ಯ ವೆಚ್ಚವನ್ನು 2025ರೊಳಗೆ ಒಟ್ಟು ದೇಶೀಯ ಉತ್ಪನ್ನದ ಶೇಕಡಾ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021-22ರಲ್ಲಿ ಅದು 1.84 ಇತ್ತು. ಬರುವ ಹೆಚ್ಚುವರಿ ಹಣ ಯಾವ ತುದಿಗೆ ಹೋಗಬೇಕೆಂಬ ಚರ್ಚೆ ಜಿಲ್ಲಾ ಮಟ್ಟದಲ್ಲಿ ನಡೆಯುವಾಗ ಈ ಲೆಕ್ಕ ಮೇಜಿನ ಮೇಲೆ ಇರಬೇಕು, ಕನ್ನಡದಲ್ಲಿ ಇರಬೇಕು ಎಂಬುದು ನನ್ನ ಆಸೆ.

ಜೋಳದ ರಾಶಿ ಮುಗಿದ ಮೇಲೆ, ಜನ ಮನೆಯಲ್ಲಿ ಸಿಗುವ ಹೊತ್ತಿನಲ್ಲಿ, ಮೊದಲ ಸುತ್ತು ಆರಂಭವಾಗುತ್ತದೆ. ನಿಮ್ಮಲ್ಲಿ ಬರಬಯಸುವವರು ವಿಭಾಗದಲ್ಲಿ ಹೆಸರು ಕೊಡಿ. ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಬೇಕು: ನಿಮ್ಮೂರಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ, ಮರಳಿ ಬರುವ ಬಸ್ಸು ಎಷ್ಟು ಗಂಟೆಗೆ, ನಡುವೆ ಒಬ್ಬ ತಾಯಿ ಎಷ್ಟು ಹೊತ್ತು ಅಲ್ಲಿ ಕೂರಬೇಕಾಗುತ್ತದೆ ಎಂಬುದನ್ನು ಸ್ವತಃ ಹೋಗಿ ನೋಡಿ ಬರೆದುಕೊಂಡು ಬನ್ನಿ.